ದಿಗಂತ ಮರೆಯಾದಾಗ ಸಣ್ಣ ವಿಮಾನ ಏಕೆ ಬೀಳುತ್ತದೆ?

ಪ್ರಶ್ನೆ: ನಾನು ಮೂಡಿಗೆರೆ ಕಡೆಯ ಕಾಫಿ ಬೆಳೆಗಾರ. ನನ್ನ ಮಗಳು ವಾಣಿಜ್ಯ ಪೈಲಟ್ ಪರವಾನಗಿಗಾಗಿ ತರಬೇತಿ ಪಡೆಯುತ್ತಿದ್ದು, ಇತ್ತೀಚೆಗೆ ಒಬ್ಬಳೇ ದೂರದ ಊರುಗಳಿಗೆ ಹಾರಿ ಬರತೊಡಗಿದ್ದಾಳೆ. ಸಣ್ಣ ವಿಮಾನಗಳು ಕೆಟ್ಟ ಹವೆಗೆ ಸಿಕ್ಕಿ ಬಿದ್ದ ಸುದ್ದಿ ಓದಿದಾಗಲೆಲ್ಲ ನನಗೆ ಒಂದು ಸಂಗತಿ ಅರ್ಥವಾಗುವುದಿಲ್ಲ. ಚಾರ್ಮಾಡಿ ಘಾಟಿಯಲ್ಲಿ ಮಂಜು ಕವಿದರೆ ನಾವು ದೀಪ ಹಾಕಿಕೊಂಡು, ವೇಗ ತಗ್ಗಿಸಿ ದಾಟುತ್ತೇವೆ. ವಿಮಾನದಲ್ಲಿ ಎತ್ತರ, ವೇಗ, ದಿಕ್ಕು ತೋರಿಸುವ ಉಪಕರಣಗಳೆಲ್ಲ ಇರುತ್ತವೆ, ಆಕಾಶದಲ್ಲಿ ಗುದ್ದುವುದಕ್ಕೆ ಏನೂ ಇರುವುದಿಲ್ಲ. ಹೀಗಿರುವಾಗ, ಎಂಜಿನ್ ಸರಿಯಾಗಿರುವ ವಿಮಾನ ಮೋಡದೊಳಗೆ ಹೋದ ಮಾತ್ರಕ್ಕೆ ಏಕೆ ಬೀಳಬೇಕು? ಮಗಳಿಗೆ ನಾನು ಏನಾದರೂ ಹೇಳಬೇಕೆ?

ಉತ್ತರ: ‘ಎಂಜಿನ್ ಸರಿಯಾಗಿರುವ ವಿಮಾನ’ ಎಂಬ ನಿಮ್ಮ ಮಾತಿನಿಂದಲೇ ಆರಂಭಿಸುತ್ತೇನೆ, ಏಕೆಂದರೆ ಈ ಬಗೆಯ ಅಪಘಾತದ ತಿರುಳು ಇರುವುದು ಅಲ್ಲಿಯೇ. ಎಂಜಿನ್ ಕೊನೆಯ ಕ್ಷಣದವರೆಗೂ ಶಕ್ತಿ ಕೊಡುತ್ತಿತ್ತು, ರೆಕ್ಕೆ ಮತ್ತು ಬಾಲದ ಕೀಲುಗಳು ಸರಿಯಾಗಿದ್ದವು, ಟ್ಯಾಂಕಿನಲ್ಲಿ ಇಂಧನ ಉಳಿದಿತ್ತು ಎಂದು ತನಿಖಾಧಿಕಾರಿಗಳು ಮತ್ತೆ ಮತ್ತೆ ಬರೆಯಬೇಕಾಗಿ ಬಂದಿರುವ ಅಪಘಾತ ಇದು. ಸಣ್ಣ ವಿಮಾನಗಳ ಅವಘಡಗಳಲ್ಲಿ ಹೆಚ್ಚಿನವು ಇಳಿಯುವಾಗ ಚಕ್ರ ಮುರಿದು, ರೆಕ್ಕೆ ತಗುಲಿ ಆಗುವಂಥವು. ಅವುಗಳಲ್ಲಿ ಒಳಗಿದ್ದವರು ಸಾಮಾನ್ಯವಾಗಿ ನಡೆದೇ ಹೊರಗೆ ಬರುತ್ತಾರೆ. ಕಣ್ಣಿನ ಆಧಾರದಿಂದ ಹಾರುತ್ತಿದ್ದವರು ಕಣ್ಣಿಗೆ ಏನೂ ಕಾಣದ ಹವೆಯೊಳಗೆ ಹೋದಾಗ ಆಗುವ ಅಪಘಾತಗಳು ಸಂಖ್ಯೆಯಲ್ಲಿ ಕಡಿಮೆ, ಆದರೆ ಅವುಗಳಲ್ಲಿ ಬಹುಪಾಲು ಸಾವಿನಲ್ಲಿಯೇ ಕೊನೆಯಾಗುತ್ತವೆ. ಹಾರಾಟ ಬೋಧಕನಾಗಿ ಕಳೆದ ವರ್ಷಗಳಲ್ಲಿ, ಶಿಷ್ಯರನ್ನು ಒಬ್ಬರೇ ಹೋಗಿ ಬನ್ನಿ ಎಂದು ಕಳಿಸಿದ ಪ್ರತಿ ಸಲವೂ ನಾನು ಹೆದರಿದ್ದು ಎಂಜಿನ್ ನಿಂತೀತೆಂದಲ್ಲ, ಇದಕ್ಕೇ.

ಸಣ್ಣ ವಿಮಾನದವರು ಹೆಚ್ಚಾಗಿ ಹಾರುವುದು ದೃಶ್ಯ ಹಾರಾಟ ನಿಯಮಗಳ ಅಡಿಯಲ್ಲಿ. ವೃತ್ತಿಯವರ ಬಾಯಲ್ಲಿ ಅದು ವಿಎಫ್‌ಆರ್. ನೆಲ ಮತ್ತು ದಿಗಂತ ಕಣ್ಣಿಗೆ ಕಾಣುತ್ತಿರಬೇಕು, ಮೋಡದಿಂದ ದೂರವಿರಬೇಕು ಎಂಬುದು ಅದರ ಸಾರ. 10,000 ಅಡಿಗಿಂತ ಕೆಳಗೆ ಹೀಗೆ ಹಾರಲು ನಮ್ಮಲ್ಲಿ ಸಾಮಾನ್ಯವಾಗಿ 5 ಕಿಲೋಮೀಟರ್ ದೂರದವರೆಗೆ ಕಾಣಬೇಕು, ಮೋಡದಿಂದ ಅಡ್ಡಲಾಗಿ 1,500 ಮೀಟರ್, ಮೇಲೆ ಕೆಳಗೆ 300 ಮೀಟರ್ ಅಂತರವಿರಬೇಕು. ಕೂತು ಓದುವವರಿಗೆ 5 ಕಿಲೋಮೀಟರ್ ಬಹಳ ದೂರ ಎನಿಸುತ್ತದೆ. ತರಬೇತಿಯಲ್ಲಿ ಬಳಸುವ ಸೆಸ್ನಾ 172ರಂಥ ವಿಮಾನ 100 ನಾಟ್ ವೇಗದಲ್ಲಿ ಹೋಗುತ್ತಿದ್ದರೆ, ಅಂದರೆ ಗಂಟೆಗೆ ಸುಮಾರು 185 ಕಿಲೋಮೀಟರ್ ವೇಗದಲ್ಲಿ, ಆ ದೂರ ಒಂದೂವರೆ ನಿಮಿಷಕ್ಕೆ ಮುಗಿದುಹೋಗುತ್ತದೆ. ಕಾಣುವ ದೂರ ಒಂದೂವರೆ ಕಿಲೋಮೀಟರಿಗೆ ಇಳಿದರೆ ಎದುರಿಗಿರುವುದು ಅರ್ಧ ನಿಮಿಷ ಮಾತ್ರ. ಇದಕ್ಕಿಂತ ಮುಖ್ಯವಾದ ಇನ್ನೊಂದು ಲೆಕ್ಕವಿದೆ: ಅದೇ ವೇಗದಲ್ಲಿ, ನಿಮಿಷಕ್ಕೆ ಅರ್ಧ ಸುತ್ತು ಎಂಬ ಸಮಾಧಾನದ ತಿರುವಿನಲ್ಲಿ ವಿಮಾನವನ್ನು ಹಿಂದಕ್ಕೆ ತಿರುಗಿಸಲು ಸುಮಾರು 2 ಕಿಲೋಮೀಟರ್ ಅಗಲದ ಜಾಗ ಬೇಕು. ಒಂದೂವರೆ ಕಿಲೋಮೀಟರ್ ಮಾತ್ರ ಕಾಣುತ್ತಿರುವವನು ಹಿಂತಿರುಗಲು ಹೊರಟರೆ, ತನಗೆ ಕಾಣದ ಜಾಗದೊಳಗೆ ತಿರುಗುತ್ತಿರುತ್ತಾನೆ.

ಚಾರ್ಮಾಡಿಯ ಹೋಲಿಕೆ ಮುರಿದುಬೀಳುವ ಒಂದು ಕಡೆ ಇದು. ನೀವು ವೇಗವನ್ನು ಹತ್ತು ಕಿಲೋಮೀಟರಿಗೆ ಇಳಿಸಬಹುದು, ಬೇಕಾದರೆ ಕೊಟ್ಟಿಗೆಹಾರದಲ್ಲಿ ಕಾರು ನಿಲ್ಲಿಸಿ ಕಾಫಿ ಕುಡಿಯುತ್ತ ಮಂಜು ಕರಗುವುದನ್ನು ಕಾಯಬಹುದು. ವಿಮಾನಕ್ಕೆ ನಿಲ್ಲುವುದು ಎಂಬುದಿಲ್ಲ. ರೆಕ್ಕೆಯ ಮೇಲೆ ಗಾಳಿ ಒಂದು ಮಿತಿಗಿಂತ ನಿಧಾನವಾಗಿ ಹರಿದರೆ ಅದು ಹಾರುವುದನ್ನೇ ಬಿಡುತ್ತದೆ. ಆದರೆ ಹೋಲಿಕೆ ಮುರಿಯುವ ಇನ್ನೊಂದು ಕಡೆಯೇ ನಿಜವಾದ ಉತ್ತರವಿರುವ ಕಡೆ. ಎಷ್ಟೇ ದಟ್ಟ ಮಂಜಿರಲಿ, ನಿಮ್ಮ ಕಾರಿನ ನಾಲ್ಕು ಚಕ್ರಗಳು ನೆಲದ ಮೇಲಿರುತ್ತವೆ, ಯಾವುದು ಮೇಲೆ ಯಾವುದು ಕೆಳಗೆ ಎಂಬುದನ್ನು ರಸ್ತೆಯೇ ಹೇಳುತ್ತಿರುತ್ತದೆ. ವಿಮಾನದಲ್ಲಿ ಆ ಮಾತನ್ನು ಹೇಳುತ್ತಿದ್ದುದು ದಿಗಂತದ ಗೆರೆ. ಅದು ಮರೆಯಾದ ಕೂಡಲೇ ಆ ಕೆಲಸ ನಮ್ಮ ಒಳಕಿವಿಗೆ ಬೀಳುತ್ತದೆ, ಮತ್ತು ಒಳಕಿವಿ ಆ ಕೆಲಸಕ್ಕೆ ಹುಟ್ಟಿದ್ದಲ್ಲ.

ಮಕ್ಕಳು ಅಂಗಳದಲ್ಲಿ ಕಣ್ಣು ಮುಚ್ಚಿ ಗರಗರ ತಿರುಗಿ ಥಟ್ಟನೆ ನಿಲ್ಲುವ ಆಟವನ್ನು ನೆನಪಿಸಿಕೊಳ್ಳಿ. ನಿಂತ ಮೇಲೂ ಲೋಕವೆಲ್ಲ ತಿರುಗುತ್ತಿರುತ್ತದೆ. ಒಳಕಿವಿಯಲ್ಲಿ ಒಂದಕ್ಕೊಂದು ಲಂಬವಾಗಿ ಕೂತ ಮೂರು ಅರ್ಧವೃತ್ತ ನಾಳಗಳಿವೆ, ಅವುಗಳಲ್ಲಿ ದ್ರವ ತುಂಬಿದೆ. ತಲೆ ತಿರುಗಿದಾಗ ನಾಳ ಮುಂದೆ ಹೋಗಿ ದ್ರವ ಹಿಂದೆ ಉಳಿಯುತ್ತದೆ, ಅದರ ಒತ್ತಡಕ್ಕೆ ಒಳಗಿನ ಸೂಕ್ಷ್ಮ ಕೂದಲುಗಳು ಬಾಗುತ್ತವೆ, ಮಿದುಳಿಗೆ ‘ತಿರುಗುತ್ತಿದ್ದೇವೆ’ ಎಂಬ ಸುದ್ದಿ ಹೋಗುತ್ತದೆ. ತಿರುಗುವಿಕೆ ಒಂದೇ ವೇಗದಲ್ಲಿ ಹತ್ತಿಪ್ಪತ್ತು ಸೆಕೆಂಡು ಮುಂದುವರಿದರೆ ದ್ರವವೂ ನಾಳದ ಜೊತೆಗೇ ಸಾಗತೊಡಗುತ್ತದೆ, ಕೂದಲುಗಳು ನೆಟ್ಟಗಾಗುತ್ತವೆ, ‘ತಿರುಗುವುದು ನಿಂತಿತು’ ಎಂಬ ಸುದ್ದಿ ಹೋಗುತ್ತದೆ, ವಿಮಾನ ಇನ್ನೂ ತಿರುಗುತ್ತಿದ್ದರೂ. ಬಹಳ ನಿಧಾನವಾಗಿ ಆರಂಭವಾಗುವ ವಾಲಿಕೆಯಂತೂ ಕಿವಿಗೆ ತಿಳಿಯುವುದೇ ಇಲ್ಲ. ಇಷ್ಟು ಸಾಲದೆಂಬಂತೆ, ಸರಿಯಾಗಿ ವಾಲಿಸಿ ತಿರುಗಿಸಿದ ವಿಮಾನದಲ್ಲಿ ದೇಹದ ಭಾರ ನೇರ ಆಸನದ ಕಡೆಗೇ ಒತ್ತುತ್ತದೆ. ಕೈಯಲ್ಲಿ ಲೋಟವಿದ್ದರೆ ಅದರ ಕಾಫಿ ಒಂದು ಹನಿಯೂ ಚೆಲ್ಲುವುದಿಲ್ಲ. ಹೀಗಾಗಿ ಸೊಂಟ, ಬೆನ್ನು, ಕಾಲುಗಳಿಂದ ಬರುವ ಸುದ್ದಿಯೂ ಕಿವಿಯ ಸುದ್ದಿಗೆ ಸಾಕ್ಷಿ ಹೇಳುತ್ತದೆ.

ಇದು ಮನೋದೌರ್ಬಲ್ಯವೂ ಅಲ್ಲ, ಕಲಿಕೆಯ ಕೊರತೆಯೂ ಅಲ್ಲ ಎಂಬುದು ವಿಮಾನಯಾನಕ್ಕೆ ತಡವಾಗಿ ತಿಳಿದ ಸತ್ಯ. 1926ರಲ್ಲಿ ಅಮೆರಿಕದ ಸೇನೆಯ ವಿಲಿಯಂ ಆಕರ್ ಎಂಬ ಅನುಭವಿ ಪೈಲಟ್ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ವೈದ್ಯಕೀಯ ತಪಾಸಣೆಗೆ ಹೋದಾಗ, ಸೇನಾ ವೈದ್ಯ ಡೇವಿಡ್ ಮೈಯರ್ಸ್ ಅವರನ್ನು ತಿರುಗುವ ಕುರ್ಚಿಯಲ್ಲಿ ಕೂರಿಸಿ, ಕಣ್ಣಿಗೆ ಕಟ್ಟಿ ತಿರುಗಿಸಿ, ಯಾವ ಕಡೆಗೆ ತಿರುಗುತ್ತಿದ್ದೀರಿ ಎಂದು ಕೇಳಿದರು. ಆಕರ್ ಮೊದಲು ಸರಿಯಾಗಿ ಹೇಳಿದರು, ಕುರ್ಚಿ ನಿಧಾನವಾದಾಗ ನಿಂತಿತು ಎಂದರು, ನಿಂತಾಗ ಎದುರು ದಿಕ್ಕಿಗೆ ತಿರುಗುತ್ತಿದೆ ಎಂದರು. ಅವರು ಬೇಸರಪಟ್ಟು ಸುಮ್ಮನಾಗದೆ, ಸ್ವಲ್ಪ ಹೊತ್ತಿನ ಮೇಲೆ ತಿರುವು ತೋರಿಸುವ ಗೈರೋ ಉಪಕರಣವನ್ನು ಒಂದು ಪೆಟ್ಟಿಗೆಯೊಳಗಿಟ್ಟು ತಂದು, ಅದನ್ನೇ ನೋಡುತ್ತ ಕುರ್ಚಿಯಲ್ಲಿ ಮತ್ತೆ ಕೂತರು. ಈ ಸಲ ಒಂದು ಉತ್ತರವೂ ತಪ್ಪಲಿಲ್ಲ. ಮೂರು ವರ್ಷಗಳ ಬಳಿಕ, 1929ರ ಸೆಪ್ಟೆಂಬರ್ 24ರಂದು, ಜಿಮ್ಮಿ ಡೂಲಿಟಲ್ ನ್ಯೂಯಾರ್ಕ್ ಬಳಿಯ ಮಿಚೆಲ್ ಫೀಲ್ಡ್‌ನಲ್ಲಿ ಹೊರಗಿನದೇನೂ ಕಾಣದಂತೆ ಮುಚ್ಚಿದ ಕಾಕ್‌ಪಿಟ್‌ನಲ್ಲಿ ಕೂತು ವಿಮಾನ ಏರಿಸಿ, ಸುತ್ತಿಸಿ, ಇಳಿಸಿದರು. ಅವರ ಮುಂದಿದ್ದ ಕೃತಕ ದಿಗಂತ ಎಂಬ ಉಪಕರಣದ ಒಳಗಿರುವುದು, ಸರಳವಾಗಿ ಹೇಳುವುದಾದರೆ, ಭರದಿಂದ ತಿರುಗುವ ಒಂದು ಬುಗುರಿ. ವಿಮಾನ ಹೇಗೆ ವಾಲಿದರೂ ಬುಗುರಿ ತನ್ನ ನಿಲುವನ್ನು ಬಿಡುವುದಿಲ್ಲ.

ಮೋಡದೊಳಗೆ ಹೋದ ತರಬೇತಿಯಿಲ್ಲದ ಪೈಲಟ್‌ಗೆ ಆಗುವುದೇನೆಂದರೆ, ಅವನು ನಕ್ಷೆಯನ್ನೋ ರೇಡಿಯೊವನ್ನೋ ನೋಡುತ್ತಿರುವಾಗ ಒಂದು ರೆಕ್ಕೆ ನಿಧಾನವಾಗಿ ಕೆಳಗಾಗುತ್ತದೆ. ಅವನಿಗೆ ತಿಳಿಯುವುದಿಲ್ಲ. ವಾಲಿದ ರೆಕ್ಕೆಗೆ ವಿಮಾನವನ್ನು ಎತ್ತಿ ಹಿಡಿಯುವ ಬಲ ಕಡಿಮೆಯಾಗಿ ಮೂತಿ ತಗ್ಗುತ್ತದೆ, ವೇಗ ಏರುತ್ತದೆ, ಎತ್ತರ ಇಳಿಯುತ್ತದೆ. ಗಾಳಿಯ ಸದ್ದು ಹೆಚ್ಚಾದಾಗ ಅವನು ಎತ್ತರಮಾಪಕವನ್ನು ನೋಡಿ, ತಾನು ನೇರವಾಗಿಯೇ ಇದ್ದು ಸುಮ್ಮನೆ ಕೆಳಗಿಳಿಯುತ್ತಿದ್ದೇನೆಂದು ತಿಳಿದು, ಮೂತಿ ಎತ್ತಲು ಕಂಟ್ರೋಲನ್ನು, ಅಂದರೆ ಕೈಯಲ್ಲಿರುವ ಹಿಡಿಕೆಯನ್ನು, ತನ್ನ ಕಡೆಗೆ ಎಳೆಯುತ್ತಾನೆ. ರೆಕ್ಕೆಗಳು ಸಮವಾಗಿದ್ದರೆ ಅದು ಸರಿಯಾದ ಕ್ರಮ. ಆದರೆ ವಾಲಿದ ವಿಮಾನದಲ್ಲಿ ಎಳೆತವು ತಿರುವನ್ನು ಇನ್ನಷ್ಟು ಬಿಗಿ ಮಾಡುತ್ತದೆ, ಬಿಗಿಯಾದ ತಿರುವು ಮೂತಿಯನ್ನು ಇನ್ನಷ್ಟು ಕೆಳಗೆ ಹಾಕುತ್ತದೆ. ಅವನು ಎಳೆದಷ್ಟೂ ಸುರುಳಿ ಚಿಕ್ಕದಾಗುತ್ತ ಹೋಗಿ, ವಿಮಾನ ನೆಲಕ್ಕೆ ಬಡಿಯುತ್ತದೆ, ಇಲ್ಲವೇ ತಾಳುವ ವೇಗವನ್ನು ಮೀರಿ ಗಾಳಿಯಲ್ಲಿಯೇ ಒಡೆಯುತ್ತದೆ. ಎಲ್ಲೋ ನಡುವೆ ಅವನು ಅದೃಷ್ಟವಶಾತ್ ರೆಕ್ಕೆಗಳನ್ನು ಸಮ ಮಾಡಿದ್ದರೂ, ಆಗ ಕಿವಿ ‘ಎದುರು ಕಡೆಗೆ ವಾಲುತ್ತಿದ್ದೀ’ ಎಂದು ಕೂಗುತ್ತದೆ, ಅವನು ಮತ್ತೆ ಹಳೆಯ ತಿರುವಿಗೇ ಮರಳುತ್ತಾನೆ.

ಇಲಿನಾಯ್ ವಿಶ್ವವಿದ್ಯಾಲಯದಲ್ಲಿ 1954ರಲ್ಲಿ ನಡೆದ ಪ್ರಯೋಗವೊಂದು ಈ ವಿಷಯದಲ್ಲಿ ಬಹಳ ಪ್ರಸಿದ್ಧವಾಗಿದೆ. ಉಪಕರಣ ಹಾರಾಟ, ಅಂದರೆ ಹೊರಗೆ ನೋಡದೆ ಉಪಕರಣಗಳ ಆಧಾರದಿಂದಲೇ ಹಾರುವುದನ್ನು, ಕಲಿಯದ 20 ಮಂದಿಯನ್ನು ಬೀಚ್‌ಕ್ರಾಫ್ಟ್ ಬೊನಾಂಜಾ ವಿಮಾನದಲ್ಲಿ ಕೂರಿಸಿ, ಪಕ್ಕದಲ್ಲಿ ಬೋಧಕರಿರುವಾಗ, ಹೊರಗಿನದು ಕಾಣದಂತೆ ಮಾಡಲಾಯಿತು. ಇಪ್ಪತ್ತು ಜನರೂ ಹಿಡಿತ ಕಳೆದುಕೊಂಡರು. 19 ಮಂದಿ ನಾನು ಮೇಲೆ ಹೇಳಿದ ಸುರುಳಿಗೆ ಬಿದ್ದರು, ಒಬ್ಬರು ಮೂತಿಯನ್ನು ತೀರ ಮೇಲೆತ್ತಿ ವೇಗ ಕಳೆದುಕೊಂಡರು. ಬೇಗ ಸೋತವರಿಗೆ 20 ಸೆಕೆಂಡು, ಹೆಚ್ಚು ತಾಳಿದವರಿಗೆ 480 ಸೆಕೆಂಡು, ಸರಾಸರಿ 178 ಸೆಕೆಂಡು. ಈ 178 ಎಂಬ ಸಂಖ್ಯೆ ಅಂದಿನಿಂದ ಲೋಕದ ಹಾರಾಟ ಶಾಲೆಗಳ ಗೋಡೆಗಳ ಮೇಲೆಲ್ಲ ತೂಗಾಡುತ್ತಿದೆ. ಆದರೆ ಆ ಪ್ರಯೋಗ ನಡೆದದ್ದು ಹೆದರಿಸುವುದಕ್ಕಾಗಿ ಅಲ್ಲ ಎಂಬುದನ್ನು ಹೇಳುವವರು ಕಡಿಮೆ, ಇದು ನನಗೆ ಯಾವಾಗಲೂ ನೋವಿನ ಸಂಗತಿ. ಅದೇ ಇಪ್ಪತ್ತು ಮಂದಿಗೆ ಅನಂತರ ಕೆಲವೇ ಗಂಟೆಗಳಲ್ಲಿ ಒಂದು ಸರಳ ಕ್ರಮ ಕಲಿಸಲಾಯಿತು: ಚಕ್ರಗಳನ್ನು ಕೆಳಗಿಳಿಸಿ ವೇಗವನ್ನು ಹಿಡಿತಕ್ಕೆ ತರುವುದು, ಕಂಟ್ರೋಲಿನಿಂದ ಕೈ ತೆಗೆಯುವುದು, ಕಾಲಿನಿಂದ ನಡೆಸುವ ರಡ್ಡರ್ (ಬಾಲದ ಚುಕ್ಕಾಣಿ) ಮಾತ್ರದಿಂದ ಮೆಲ್ಲಗೆ ತಿರುಗಿ ಬಂದ ದಾರಿಗೆ ಮರಳುವುದು. ಅದನ್ನು ಕಲಿತ ಮೇಲೆ ಅವರು ಬಹುತೇಕ ಎಲ್ಲ ಸಲವೂ ಹಿಡಿತ ತಪ್ಪದೆ ಹಿಂತಿರುಗಿ ಬಂದರು. ಇದೇ ಪ್ರಯೋಗದ ಮುಖ್ಯ ಫಲಿತಾಂಶ. ಗೋಡೆಯ ಮೇಲೆ ಮೊದಲರ್ಧ ಮಾತ್ರ ಉಳಿದುಕೊಂಡಿತು.

ಉಪಕರಣಗಳಿದ್ದೂ ಏಕೆ ಹೀಗೆ ಎಂಬ ನಿಮ್ಮ ಪ್ರಶ್ನೆಗೆ ಈಗ ಬರುತ್ತೇನೆ. ಉಪಕರಣ ಮುಂದಿರುವುದು ಬೇರೆ, ಇಡೀ ದೇಹ ಎದುರು ಸಾಕ್ಷಿ ಹೇಳುತ್ತಿರುವಾಗ ಅದನ್ನು ನಂಬುವುದು ಬೇರೆ. ನಾನು ಶಿಷ್ಯರಿಗೆ ಹೊರಗಿನದು ಕಾಣದ ಹುಡ್ ಹಾಕಿಸಿ, ತಲೆ ಬಗ್ಗಿಸಿ ಕಣ್ಣು ಮುಚ್ಚಲು ಹೇಳಿ, ವಿಮಾನವನ್ನು ನಿಧಾನವಾಗಿ ಎಡಕ್ಕೆ ವಾಲಿಸಿ, ‘ಈಗ ಹೇಗಿದ್ದೇವೆ?’ ಎಂದು ಕೇಳುತ್ತಿದ್ದೆ. ‘ನೇರವಾಗಿದ್ದೇವೆ ಸರ್’ ಎನ್ನುತ್ತಿದ್ದರು. ಕಣ್ಣು ಬಿಡಿಸಿ ಕೃತಕ ದಿಗಂತವನ್ನು ತೋರಿಸಿದರೆ, ಉಪಕರಣ ಕೆಟ್ಟಿರಬೇಕು ಎಂದು ಮನಸ್ಸಿನಲ್ಲಿ ಅಂದುಕೊಂಡದ್ದು ಅವರ ಮುಖದಲ್ಲಿ ಕಾಣುತ್ತಿತ್ತು. ಹಗಲಿನಲ್ಲಿ, ಪಕ್ಕದಲ್ಲಿ ಬೋಧಕನಿರುವಾಗ ಹೀಗಾದರೆ, ಒಬ್ಬರೇ ಹೆದರಿ ಬೆವರುತ್ತಿರುವಾಗ ಏನಾಗಬಹುದೆಂದು ನೀವೇ ಊಹಿಸಿ. ಸರಿಯಾಗಿ ಹಾರಲು ಬೇಕಾದದ್ದು ಒಂದು ಉಪಕರಣದ ನೋಟವೂ ಅಲ್ಲ. ಕೃತಕ ದಿಗಂತದಿಂದ ವೇಗಕ್ಕೆ, ಅಲ್ಲಿಂದ ಮತ್ತೆ ದಿಗಂತಕ್ಕೆ, ಎತ್ತರಕ್ಕೆ, ದಿಕ್ಕಿಗೆ ಎಂದು ಕಣ್ಣು ನಿಲ್ಲದೆ ಓಡುತ್ತಿರಬೇಕು, ಒಂದರಲ್ಲಿಯೂ ಸಿಕ್ಕಿಹಾಕಿಕೊಳ್ಳಬಾರದು. ಉಪಕರಣ ಹಾರಾಟಕ್ಕೆ ಬೇಕಾದ ಇನ್‌ಸ್ಟ್ರುಮೆಂಟ್ ರೇಟಿಂಗ್ ಎಂಬ ಅರ್ಹತೆ ಪಡೆಯಲು 40 ಗಂಟೆಗಳ ಉಪಕರಣ ಹಾರಾಟ ಬೇಕೆಂದು ನಿಯಮವಿಟ್ಟಿರುವುದು ಈ ಓಟ ರಕ್ತಗತವಾಗಲಿ ಎಂದು.

ಉಪಕರಣದ ಪರಿಚಯ ಸಾಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಹಳೆಯ ಉದಾಹರಣೆ 1959ರ ಫೆಬ್ರವರಿ 3ರ ರಾತ್ರಿಯದು. ಅಮೆರಿಕದ ಅಯೋವಾ ರಾಜ್ಯದ ಮೇಸನ್ ಸಿಟಿಯಿಂದ ರಾತ್ರಿ ಒಂದು ಗಂಟೆಯ ಸುಮಾರಿಗೆ ಗಾಯಕರಾದ ಬಡ್ಡಿ ಹಾಲಿ, ರಿಚಿ ವೇಲೆನ್ಸ್ ಮತ್ತು ಜೆ. ಪಿ. ರಿಚರ್ಡ್‌ಸನ್ ಅವರನ್ನು ಕೂರಿಸಿಕೊಂಡು ಏರಿದ ಬೊನಾಂಜಾ, ವಿಮಾನ ನಿಲ್ದಾಣದಿಂದ ಕೆಲವೇ ಮೈಲಿ ದೂರದ ಹೊಲದಲ್ಲಿ ಬಿತ್ತು. ಇಪ್ಪತ್ತೊಂದು ವರ್ಷದ ಪೈಲಟ್‌ಗೆ ಇನ್‌ಸ್ಟ್ರುಮೆಂಟ್ ರೇಟಿಂಗ್ ಇರಲಿಲ್ಲ. ಆ ವಿಮಾನದಲ್ಲಿದ್ದ ವಿಮಾನದ ನಿಲುವು ತೋರಿಸುವ, ಹಳೆಯ ಮಾದರಿಯ ಸ್ಪೆರಿ ಕಂಪನಿಯ ಉಪಕರಣವು ಮೂತಿಯ ಏರಿಳಿತವನ್ನು, ಅವನು ಕಲಿತಿದ್ದ ಉಪಕರಣಗಳಿಗೆ ತದ್ವಿರುದ್ಧವಾಗಿ ತೋರಿಸುತ್ತಿತ್ತು. ಮುಂದಿನ ದಾರಿಯಲ್ಲಿ ಹವೆ ಕೆಡುತ್ತಿದೆ ಎಂಬ ತುರ್ತು ಎಚ್ಚರಿಕೆಗಳನ್ನು ಅವನಿಗೆ ತಲುಪಿಸಿರಲಿಲ್ಲ ಎಂಬುದನ್ನು ತನಿಖಾ ವರದಿ ಸ್ಪಷ್ಟವಾಗಿ ದಾಖಲಿಸಿದೆ.

ಆದರೆ ನಾನು ಶಿಷ್ಯರೊಡನೆ ಸಾಲು ಸಾಲಾಗಿ ಓದುತ್ತಿದ್ದುದು ಇನ್ನೊಂದು ವರದಿಯನ್ನು. 1999ರ ಜುಲೈ 16ರ ಸಂಜೆ, ಅಮೆರಿಕದ ಮಾಜಿ ಅಧ್ಯಕ್ಷರ ಮಗ ಜಾನ್ ಎಫ್. ಕೆನಡಿ ಜೂನಿಯರ್ ತಮ್ಮ ಪೈಪರ್ ಸಾರಟೋಗಾ ವಿಮಾನದಲ್ಲಿ ಪತ್ನಿ ಮತ್ತು ಪತ್ನಿಯ ಅಕ್ಕನ ಜೊತೆ ನ್ಯೂಜೆರ್ಸಿಯಿಂದ ಮಾರ್ಥಾಸ್ ವಿನ್‌ಯಾರ್ಡ್ ದ್ವೀಪಕ್ಕೆ, ಅಲ್ಲಿಂದ ಮುಂದೆ ಹಯಾನಿಸ್‌ಗೆ ಹೊರಟಿದ್ದರು. ಮರುದಿನ ಮನೆತನದಲ್ಲಿ ಒಂದು ಮದುವೆಯಿತ್ತು. ಹೊರಟಾಗ ರಾತ್ರಿ 8 ಗಂಟೆ 38 ನಿಮಿಷ, ಕತ್ತಲಾಗುತ್ತಿತ್ತು. ಅಮೆರಿಕದಲ್ಲಿ ರಾತ್ರಿಯೂ ದೃಶ್ಯ ನಿಯಮದಡಿ ಹಾರಬಹುದು. ನಮ್ಮಲ್ಲಿ ಅದಕ್ಕೆ ಸಾಮಾನ್ಯವಾಗಿ ಅವಕಾಶವಿಲ್ಲ. ವರದಿಯಾದ ಹವೆ ಕಾನೂನಿನ ಮಿತಿಯೊಳಗೇ ಇತ್ತು, ಮೋಡದ ಮಾತೇ ಇರಲಿಲ್ಲ, ಇದ್ದದ್ದು ಬೇಸಗೆಯ ಕಾವಳ. ಕೆನಡಿಗೆ ಒಟ್ಟು ಸುಮಾರು 310 ಗಂಟೆಗಳ ಅನುಭವವಿತ್ತು, ಉಪಕರಣ ಹಾರಾಟದ ಕಲಿಕೆಯನ್ನು ಅರ್ಧದಷ್ಟು ಮುಗಿಸಿದ್ದರು, ವಿಮಾನದಲ್ಲಿ ಆಟೊಪೈಲಟ್ ಇತ್ತು. ಜೊತೆಗೆ ಬರುತ್ತೇನೆಂದ ಬೋಧಕರೊಬ್ಬರಿಗೆ ತಾನೊಬ್ಬನೇ ಹೋಗುವುದಾಗಿ ಹೇಳಿದ್ದರು. ಕರಾವಳಿಯ ಊರುಗಳ ದೀಪ ಕಾಣುತ್ತಿರುವವರೆಗೆ ಪಯಣ ಸರಿಯಾಗಿಯೇ ಸಾಗಿತು. ದಡ ಬಿಟ್ಟು ಸುಮಾರು 30 ಮೈಲಿಯ ಸಮುದ್ರದ ಮೇಲೆ ಹೊರಳಿದಾಗ ಕೆಳಗೆ ಕಪ್ಪು ನೀರು, ಮೇಲೆ ಕಪ್ಪು ಆಕಾಶ, ನಡುವಿನ ಗೆರೆಯನ್ನು ಕಾವಳ ಅಳಿಸಿತ್ತು. ಆ ರಾತ್ರಿ ಅದೇ ಭಾಗದಲ್ಲಿ ಹಾರಿದ ಬೇರೆ ಪೈಲಟ್‌ಗಳೂ ದಿಗಂತ ಕಾಣುತ್ತಿರಲಿಲ್ಲ ಎಂದಿದ್ದಾರೆ. ರೇಡಾರ್ ದಾಖಲೆಯ ಪ್ರಕಾರ ವಿಮಾನ 5,500 ಅಡಿಯಿಂದ ಇಳಿಯತೊಡಗಿ, 2,200 ಅಡಿಯ ಬಳಿ ಬಲಕ್ಕೆ ತಿರುಗಿ, ಸ್ವಲ್ಪ ಏರಿ, ಎಡಕ್ಕೆ ಹೊರಳಿ, ಮತ್ತೆ ಬಲಕ್ಕೆ ವಾಲುತ್ತ ವಾಲುತ್ತ ನಿಮಿಷಕ್ಕೆ 4,700 ಅಡಿಗೂ ಮೀರಿದ ವೇಗದಲ್ಲಿ ಇಳಿದು ಸಮುದ್ರಕ್ಕೆ ಬಿತ್ತು. ಕತ್ತಲಲ್ಲಿ ನೀರಿನ ಮೇಲೆ ಇಳಿಯುವಾಗ ದಿಕ್ಕಿನ ಅರಿವು ತಪ್ಪಿ ಹಿಡಿತ ಕಳೆದುಕೊಂಡದ್ದೇ ಕಾರಣವೆಂದು ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿ ತೀರ್ಮಾನಿಸಿತು. ಈ ಪ್ರಕರಣವನ್ನು ನಾನು ಆರಿಸಿಕೊಳ್ಳುತ್ತಿದ್ದುದು ಹೆಸರಿನ ದೊಡ್ಡಸ್ತಿಕೆಗಾಗಿ ಅಲ್ಲ. ಅಲ್ಲಿ ಯಾವ ಕಾನೂನೂ ಮುರಿದಿರಲಿಲ್ಲ, ಯಾವ ಕ್ಷಣದಲ್ಲಿಯೂ ‘ಇಲ್ಲಿಂದ ಮುಂದೆ ಅಪಾಯ’ ಎಂದು ಹೇಳುವ ಗೋಡೆ ಎದುರಾಗಲಿಲ್ಲ. ಕಾಣುವುದು ಸ್ವಲ್ಪ ಸ್ವಲ್ಪವೇ ಕಡಿಮೆಯಾಯಿತು, ಅಷ್ಟೆ.

ಹಾಗಾದರೆ ಜನ ಅದರೊಳಗೆ ಹೋಗುವುದೇಕೆ? ದುಡುಕು, ಹುಂಬತನ ಎಂದು ಸುಲಭವಾಗಿ ಹೇಳಿಬಿಡುತ್ತಾರೆ. ನಾನು ಒಪ್ಪುವುದಿಲ್ಲ. 2002ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಪೈಲಟ್‌ಗಳನ್ನು ಸಿಮ್ಯುಲೇಟರಿನಲ್ಲಿ ದೂರ ಪಯಣಕ್ಕೆ ಕಳಿಸಿ, ಕೆಲವರಿಗೆ ದಾರಿಯ ಆರಂಭದಲ್ಲಿ, ಕೆಲವರಿಗೆ ಕೊನೆಯ ಭಾಗದಲ್ಲಿ ಹವೆ ಕೆಡಿಸಿದರು. ಗುರಿ ಹತ್ತಿರವಾದವರೇ ಹಟ ಹಿಡಿದು ಮುಂದೆ ಹೋಗಬಹುದೆಂದು ನಾವೆಲ್ಲ ಅಂದುಕೊಳ್ಳುತ್ತೇವೆ. ಆದದ್ದು ಬೇರೆ: ಆರಂಭದಲ್ಲಿಯೇ ಕೆಟ್ಟ ಹವೆ ಸಿಕ್ಕವರು ಅದರೊಳಗೆ ಹೆಚ್ಚು ದೂರ ಹೋದರು, ಮತ್ತು ಹವೆ ಇರುವುದಕ್ಕಿಂತ ಚೆನ್ನಾಗಿದೆ ಎಂದೇ ಅಂದಾಜು ಮಾಡಿದರು. ಹೆಚ್ಚು ಹಾರಿದ ಅನುಭವವಿದ್ದವರು ಬೇಗ ತಿರುಗಿದರು. ಅಂದರೆ ಹಲವರು ಅಪಾಯವನ್ನು ನೋಡಿಯೂ ಧೈರ್ಯ ಮಾಡಿ ಹೋಗುವವರಲ್ಲ. ಅವರಿಗೆ ಅದು ಅಪಾಯವೆಂದು ಕಾಣಿಸಿಯೇ ಇರುವುದಿಲ್ಲ.

ನಿಮ್ಮ ಭಾಗದವರಿಗೆ ಇದು ಸುಲಭವಾಗಿ ಅರ್ಥವಾಗುವ ವಿಷಯ. ಮುಂಗಾರಿನಲ್ಲಿ ಮೋಡದ ತಳ ಸಮುದ್ರಮಟ್ಟದಿಂದ 600 ಮೀಟರ್ ಎತ್ತರದಲ್ಲಿದೆ ಎಂದುಕೊಳ್ಳಿ. ಮಂಗಳೂರು, ಉಡುಪಿಗಳ ಮೇಲೆ ಅದರ ಅಡಿಯಲ್ಲಿ ಹಾರಲು ಧಾರಾಳ ಜಾಗವಿದೆ. ಅದೇ ಮೋಡ ಆಗುಂಬೆಯ ಮೇಲೆ ನೆಲಕ್ಕೆ ಮುಟ್ಟಿದ ಮಂಜು, ಮುಳ್ಳಯ್ಯನಗಿರಿಯಂತೂ ಪೂರ್ತಿ ಅದರೊಳಗೆ. ಮೋಡ ಇಳಿಯಲಿಲ್ಲ, ನೆಲ ಏರಿತು. ಕೆಳಗಿನಿಂದ ನೋಡುತ್ತ ಬರುವ ಪೈಲಟ್ ಮೋಡದ ಅಡಿಯಲ್ಲಿ ಉಳಿಯಲು ಸ್ವಲ್ಪ ತಗ್ಗುತ್ತಾನೆ, ಇನ್ನೂ ಸ್ವಲ್ಪ ತಗ್ಗುತ್ತಾನೆ, ಕಣಿವೆ ಎರಡೂ ಕಡೆಯಿಂದ ಹತ್ತಿರವಾಗುತ್ತದೆ, ಕೊನೆಗೆ ತಿರುಗಲು ಅಗಲವೂ ಏರಲು ಎತ್ತರವೂ ಉಳಿಯುವುದಿಲ್ಲ. ಆಕಾಶದಲ್ಲಿ ಗುದ್ದುವುದಕ್ಕೆ ಏನೂ ಇಲ್ಲ ಎಂದಿರಲ್ಲವೆ, ಘಟ್ಟದ ಸೀಮೆಯಲ್ಲಿ ಆ ಮಾತು ನಿಲ್ಲುವುದಿಲ್ಲ.

2021ರ ಡಿಸೆಂಬರ್ 8ರಂದು ಜನರಲ್ ಬಿಪಿನ್ ರಾವತ್ ಮತ್ತು ಇತರ 13 ಮಂದಿಯಿದ್ದ ಹೆಲಿಕಾಪ್ಟರ್ ಸೂಲೂರಿನಿಂದ ವೆಲ್ಲಿಂಗ್ಟನ್‌ಗೆ ಹೋಗುವಾಗ ಕೂನೂರಿನ ಬಳಿ ಬಿದ್ದದ್ದು ನಿಮಗೆ ನೆನಪಿರುತ್ತದೆ. ಅಂದು ಬದುಕುಳಿದ ಒಬ್ಬರೇ ಅಧಿಕಾರಿ ವಾರದ ಬಳಿಕ ಬೆಂಗಳೂರಿನ ಆಸ್ಪತ್ರೆಯಲ್ಲಿ ತೀರಿಕೊಂಡರು. ಅದು ಹಗುರ ವಿಮಾನವಲ್ಲ, ದೊಡ್ಡ ಎಂಐ-17; ನಡೆಸುತ್ತಿದ್ದವರು ನುರಿತ ವಾಯುಪಡೆಯವರು. ಕಣಿವೆಯಲ್ಲಿ ಹವೆ ಅನಿರೀಕ್ಷಿತವಾಗಿ ಬದಲಾಗಿ ಹೆಲಿಕಾಪ್ಟರ್ ಮೋಡದೊಳಗೆ ಹೋಯಿತು, ಪೈಲಟ್‌ಗೆ ದಿಕ್ಕಿನ ಅರಿವು ತಪ್ಪಿತು ಎಂದು ಮೂರೂ ಪಡೆಗಳ ಜಂಟಿ ವಿಚಾರಣೆ ಹೇಳಿತು, ನಿರ್ಲಕ್ಷ್ಯವಿತ್ತೆಂಬ ಮಾತನ್ನು ತಳ್ಳಿಹಾಕಿತು. ಸಂಸದೀಯ ಸ್ಥಾಯಿ ಸಮಿತಿಯ 2024ರ ವರದಿಯಲ್ಲಿ ಅದೇ ಅಪಘಾತದ ಕಾರಣದ ಎದುರಿಗೆ ‘ಮಾನವ ದೋಷ’ ಎಂಬ ಪದವಷ್ಟೇ ಇದೆ. ಪಟ್ಟಿಯಲ್ಲಿ ಒಂದು ಪದ ಬೇಕಾಗುತ್ತದೆ ಎಂಬುದು ನನಗೆ ತಿಳಿಯುತ್ತದೆ. ಆದರೆ ಆ ಪದವನ್ನು ಓದಿದ ಯುವ ಪೈಲಟ್ ‘ನಾನು ಅಂಥ ದೋಷ ಮಾಡುವುದಿಲ್ಲ’ ಎಂದುಕೊಂಡು ಪುಟ ತಿರುಗಿಸುತ್ತಾಳೆ. ‘ಕಣಿವೆಯಲ್ಲಿ ಮೋಡ ತಗ್ಗಿತು’ ಎಂದು ಓದಿದರೆ ತಾನು ಹಾರಿದ ಒಂದು ಕಣಿವೆ ನೆನಪಾಗುತ್ತದೆ.

ಅನುಭವವಾಗಲಿ ರೇಟಿಂಗ್ ಆಗಲಿ ಪೂರ್ಣ ಕವಚವಲ್ಲ ಎಂಬುದಕ್ಕೆ ಬಾಸ್ಕೆಟ್‌ಬಾಲ್ ಆಟಗಾರ ಕೋಬಿ ಬ್ರಯಂಟ್ ಮತ್ತು ಇತರ ಎಂಟು ಮಂದಿ ತೀರಿಕೊಂಡ, 2020ರ ಜನವರಿ 26ರ, ಅಮೆರಿಕದ ಕ್ಯಾಲಬಾಸಸ್‌ನ ಹೆಲಿಕಾಪ್ಟರ್ ಅಪಘಾತವೂ ಸಾಕ್ಷಿ. ಆ ಹೆಲಿಕಾಪ್ಟರಿನ ಪೈಲಟ್‌ಗೆ 8,000 ಗಂಟೆಗೂ ಹೆಚ್ಚಿನ ಅನುಭವವಿತ್ತು, ಇನ್‌ಸ್ಟ್ರುಮೆಂಟ್ ರೇಟಿಂಗ್ ಇತ್ತು. ಮೋಡದೊಳಗೆ ಹೋದ ಮೇಲೆ ಅವರು ನಿಯಂತ್ರಕರಿಗೆ 4,000 ಅಡಿಗೆ ಏರುತ್ತಿದ್ದೇನೆ ಎಂದು ಹೇಳಿದಾಗ ಹೆಲಿಕಾಪ್ಟರ್ ಎಡಕ್ಕೆ ವಾಲಿ ಬೆಟ್ಟದ ಕಡೆಗೆ ವೇಗವಾಗಿ ಇಳಿಯುತ್ತಿತ್ತು. ಅವರು ಸುಳ್ಳು ಹೇಳಲಿಲ್ಲ. ಏರುತ್ತಿದ್ದೇನೆಂದೇ ಅವರ ದೇಹ ಅವರಿಗೆ ಹೇಳುತ್ತಿತ್ತು.

ಈಗ ನಿಮ್ಮ ಮಗಳ ವಿಷಯ. ಮೋಡದೊಳಗೆ ಸಿಕ್ಕರೆ ಮಾಡಬೇಕಾದ್ದನ್ನು ಅವಳ ಬೋಧಕರು ಕಲಿಸುತ್ತಾರೆ: ಕಣ್ಣು ಕೃತಕ ದಿಗಂತದ ಮೇಲೆ, ಮೊದಲು ರೆಕ್ಕೆ ಸಮ, ಅದಾದ ಮೇಲೆಯೇ ಉಳಿದದ್ದು, ಕಂಟ್ರೋಲನ್ನು ಎಳೆಯಬಾರದು, ಆಟೊಪೈಲಟ್ ಇದ್ದರೆ ಹಾಕಬೇಕು, ವಿಮಾನ ನೆಮ್ಮದಿಗೆ ಬಂದ ಮೇಲೆ ಮೆಲ್ಲನೆಯ ತಿರುವಿನಿಂದ ಬಂದ ದಿಕ್ಕಿಗೆ ಮರಳಬೇಕು, ರೇಡಿಯೊದಲ್ಲಿ ನಾಚದೆ ‘ನಾನು ಮೋಡದಲ್ಲಿದ್ದೇನೆ, ನೆರವು ಬೇಕು’ ಎನ್ನಬೇಕು. ಇದನ್ನು ಹುಡ್ ಹಾಕಿಕೊಂಡು ಕೈ ಕಾಲಿಗೆ ತಾನಾಗಿ ಬರುವಷ್ಟು ಸಲ ಮಾಡಿರಬೇಕು, ಪರವಾನಗಿ ಸಿಕ್ಕ ಮೇಲೂ ಮಾಡುತ್ತಿರಬೇಕು. ಹೊರಡುವ ಮೊದಲು ವಿಮಾನ ನಿಲ್ದಾಣದ ಹವಾ ವರದಿಯಲ್ಲಿ ತಾಪಮಾನಕ್ಕೂ ಇಬ್ಬನಿ ಬಿಂದುವಿಗೂ (ಗಾಳಿಯ ತೇವ ಹನಿಗಟ್ಟತೊಡಗುವ ತಾಪಮಾನ) ಇರುವ ಅಂತರ ನೋಡುವುದನ್ನು ಅವಳು ಕಲಿತಿರುತ್ತಾಳೆ. ಉಬ್ಬು ಮೋಡದ ತಳಕ್ಕೆ ಒಂದು ಡಿಗ್ರಿ ಅಂತರಕ್ಕೆ ಸುಮಾರು 125 ಮೀಟರ್ ಎಂಬ ಅಂದಾಜಿದೆ. 24 ಮತ್ತು 20 ಎಂದಿದ್ದರೆ ಮೋಡ ನೆಲದಿಂದ 500 ಮೀಟರಿನಷ್ಟೇ ಎತ್ತರದಲ್ಲಿದೆ ಎಂದರ್ಥ. ಸಂಜೆಗೆ ತಾಪಮಾನ ಇಳಿದು ಎರಡೂ ಒಂದಾಗುತ್ತಿದ್ದರೆ ಮಂಜು ಬರುವ ಸಂಭವ ಹೆಚ್ಚು.

ಅವಳು ತಾನೇ ಮಾಡಿಕೊಳ್ಳಬೇಕಾದ ಒಂದು ನಿಶ್ಚಯವಿದೆ, ಅದನ್ನು ನೆಲದ ಮೇಲಿರುವಾಗಲೇ ಮಾಡಿಕೊಳ್ಳಬೇಕು. ಕಾನೂನಿನ 5 ಕಿಲೋಮೀಟರಿಗೆ ಕಾಯದೆ, ತನ್ನ ಅನುಭವಕ್ಕೆ ತಕ್ಕ ಮಿತಿಯೊಂದನ್ನು, ಆರಂಭದ ದಿನಗಳಲ್ಲಿ 8 ಕಿಲೋಮೀಟರ್ ಎಂದಿಟ್ಟುಕೊಳ್ಳಿ, ಕಾಗದದ ಮೇಲೆ ಬರೆದು ತೊಡೆಯ ಮೇಲಿನ ಹಲಗೆಗೆ ಸಿಕ್ಕಿಸಿಕೊಂಡಿರಬೇಕು. ಎತ್ತರಕ್ಕೂ ಹಾಗೆಯೇ: ಮೋಡದಿಂದ ತಪ್ಪಿಸಿಕೊಳ್ಳಲು ಯೋಜಿಸಿದ ಎತ್ತರದಿಂದ ಒಮ್ಮೆ ಇಳಿದದ್ದಾಯಿತು ಎಂದರೆ, ಎರಡನೆಯ ಸಲ ಇಳಿಯಬೇಕಾಗಿ ಬಂದಾಗ ಇಳಿಯುವ ಬದಲು ತಿರುಗಬೇಕು. ಆಕಾಶದಲ್ಲಿ ನಿರ್ಧರಿಸೋಣ ಎಂದರೆ, ಸಿಮ್ಯುಲೇಟರಿನ ಆ ಪೈಲಟ್‌ಗಳಂತೆ, ಎದುರಿನ ಹವೆ ಇರುವುದಕ್ಕಿಂತ ಒಳ್ಳೆಯದಾಗಿಯೇ ಕಾಣುತ್ತದೆ.

ನೀವು ಹೇಳಬೇಕಾದದ್ದು ಇದೆಯೆ ಎಂದು ಕೇಳಿದಿರಿ. ಇದೆ, ಮತ್ತು ಅದು ಬೋಧಕರಿಂದ ಆಗುವ ಕೆಲಸವಲ್ಲ. ನಾನು ಮೇಲೆ ಹೇಳಿದ ಅಪಘಾತಗಳನ್ನು ಇನ್ನೊಮ್ಮೆ ನೋಡಿ: ಗಾಯಕರಿಗೆ ಮುಂದಿನ ಊರಿನಲ್ಲಿ ಕಛೇರಿಯಿತ್ತು, ಕೆನಡಿಗೆ ಮದುವೆಯಿತ್ತು, ವೆಲ್ಲಿಂಗ್ಟನ್‌ನಲ್ಲಿ ಜನರಲ್ ರಾವತ್ ಅವರ ಉಪನ್ಯಾಸಕ್ಕೆ ಸೇರಿದ ಸಭೆಯಿತ್ತು. ಪ್ರತಿಯೊಂದರಲ್ಲಿಯೂ ಆ ಕೊನೆಯಲ್ಲಿ ಯಾರೋ ಕಾಯುತ್ತಿದ್ದರು. ಹಿಂತಿರುಗಿದರೆ ಅವರಿಗೆ ಏನು ಹೇಳುವುದು ಎಂಬ ಲೆಕ್ಕ ದಿಗಂತ ಇನ್ನೂ ಕಾಣುತ್ತಿರುವ ಆ ಕೆಲವು ನಿಮಿಷಗಳಲ್ಲಿ ಪೈಲಟ್‌ನ ಮನಸ್ಸಿನಲ್ಲಿ ನಡೆಯುತ್ತಿರುತ್ತದೆ, ನನ್ನ ಮನಸ್ಸಿನಲ್ಲಿಯೂ ನಡೆದಿದೆ. ಹಬ್ಬಕ್ಕೆ ಬರುತ್ತೇನೆಂದ ಮಗಳು ಬರಲಾಗದೆ ಬೇರೊಂದು ಊರಿನಲ್ಲಿ ಇಳಿದು, ಲಾಡ್ಜಿನಿಂದ ನಿಮಗೆ ಫೋನ್ ಮಾಡಿ ‘ಹವೆ ಸರಿಯಿಲ್ಲ ಅಪ್ಪ, ನಾಳೆ ನೋಡುತ್ತೇನೆ’ ಎಂದಾಗ, ಆಕಾಶ ಇಲ್ಲಿ ಚೆನ್ನಾಗಿಯೇ ಇದೆಯಲ್ಲ ಎಂದು ಕೇಳಬೇಡಿ. ಜೊತೆಯವರು ಬಂದು ತಲುಪಿದರಂತೆ ಎಂದೂ ಹೇಳಬೇಡಿ. ಊಟ ಆಯಿತೆ ಎಂದು ಕೇಳಿ.